ತಕ್ಕಡಿಗೆ ತಿಳಿಯದ ಆಟ

ಓಹಿಯೋದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: “ಮಗ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸೆಂಟರ್. ತೂಕ 108 ಕಿಲೋ. ಇನ್ನೂ 15 ಕಿಲೋ ಏರಿಸಬೇಕಂತೆ. ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಎದ್ದು ಮೊಸರನ್ನ ತಿನ್ನುತ್ತಾನೆ, ಕಣ್ಣು ಮುಚ್ಚಿಕೊಂಡೇ. ಆಟ ಬಿಡು ಎನ್ನಲೇ?”

ಖಂಡಿತ ಬೇಡ. ತೂಕಕ್ಕೂ ಬೆಲೆಯಿದೆ, ಒಪ್ಪಿದೆ. 140 ಕಿಲೋದವನು ಮೈಮೇಲೆ ನುಗ್ಗಿದರೆ ಯಾರಿಗಾದರೂ ಕಷ್ಟವೇ. ಆದರೆ ಸೆಂಟರ್‌ನ ಕೆಲಸವನ್ನು ಹತ್ತಿರದಿಂದ ನೋಡಿ. ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಮರುಕ್ಷಣವೇ ಎದುರಾಳಿಯ ಎದೆಗೆ ಕೈ ಊರಬೇಕು. ಮೊಣಕಾಲು ಬಾಗಿಸಿ, ಸೊಂಟ ತಗ್ಗಿಸಿ, ಅವನಿಗಿಂತ ಕೆಳಗೆ ಹೊಕ್ಕವನದೇ ಮೇಲುಗೈ. ಗರಡಿಯ ಮಣ್ಣು ಮೆಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಓಹಿಯೋದವರೇ ಆದ ಜೇಸನ್ ಕೆಲ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡಕ್ಕೆ ಬಂದದ್ದು ವಿದ್ಯಾರ್ಥಿವೇತನವಿಲ್ಲದೆ. 2011ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ 190 ಮಂದಿಯ ಹೆಸರು ಮುಗಿದ ಮೇಲೆ ಅವರ ಸರದಿ ಬಂತು. ಫಿಲಡೆಲ್ಫಿಯಾ ತಂಡವೊಂದಕ್ಕೇ 13 ವರ್ಷ ಸೆಂಟರ್ ಆಗಿ ಆಡಿದರು. 2018ರ ಫೆಬ್ರವರಿಯಲ್ಲಿ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು ಊರಿಗೆ ಊರೇ ಬೀದಿಗಿಳಿದಾಗ, ಬಣ್ಣಬಣ್ಣದ ಜಾತ್ರೆ ವೇಷ ತೊಟ್ಟು ಕಲಾ ಸಂಗ್ರಹಾಲಯದ ಮೆಟ್ಟಿಲ ಮೇಲೆ ನಿಂತು, ತಂಡದ ಒಬ್ಬೊಬ್ಬರ ಬಗ್ಗೆ ಲೋಕ ಆಡಿದ್ದ ಕೊಂಕನ್ನೆಲ್ಲ ಕೂಗಿ ಹೇಳಿದರು. ತಾನು ಚಿಕ್ಕವನೆಂಬ ಮಾತೂ ಆ ಪಟ್ಟಿಯಲ್ಲಿತ್ತು. ಅದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆರನ್ ಡೊನಾಲ್ಡ್ ಅವರಿಗೂ ಎತ್ತರ ಸಾಲದೆಂದರು. ಅವರು ಮೂರು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿಕೊಂಡರು.

ಇನ್ನು ತುರುಕಿ ಬೆಳೆಸಿದ ಮೈ. ಕ್ಲೀವ್‌ಲ್ಯಾಂಡ್ ತಂಡದ ಲೈನ್‌ಮನ್ (ಸೆಂಟರ್‌ನಂತೆ ಎದುರಾಳಿಯನ್ನು ತಡೆಯುವ ಮುಂಚೂಣಿಯ ಆಟಗಾರ) ಜೋ ಥಾಮಸ್ ನಿವೃತ್ತರಾದ ಮೇಲೆ 20 ಕಿಲೋಗೂ ಹೆಚ್ಚು ಇಳಿಸಿದರು. ಹಸಿವಿಲ್ಲದ ಹೊತ್ತಿನಲ್ಲಿ ಉಣ್ಣುವುದನ್ನು ತರಬೇತಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಅಳತೆಗೆ ಸಿಕ್ಕಿದ್ದನ್ನಷ್ಟೇ ಅಳೆದು ಮಕ್ಕಳ ಹಣೆಬರಹ ಬರೆಯುವ ಚಾಳಿ ಎಲ್ಲೆಲ್ಲೂ ಇದೆ. ಅಲ್ಲಿ ಕಿಲೋ, ಇಲ್ಲಿ ಶೇಕಡಾವಾರು. ನಾವು ಪತ್ರಿಕೆಯವರೂ ಈ ಪಾಪಕ್ಕೆ ಹೊರತಲ್ಲ. ಚೆಂಡು ಹಿಡಿದು ಓಡಿದವನ ಚಿತ್ರ ಅಚ್ಚಾಗುತ್ತದೆ. ಅವನಿಗೆ ದಾರಿ ಬಿಡಿಸಿದ ಲೈನ್‌ಮನ್ ಸುದ್ದಿಯಾಗುವುದು ತಪ್ಪು ಮಾಡಿ ದಂಡ ತೆತ್ತಾಗ ಮಾತ್ರ.

ನಿಮ್ಮ ಮೇಲೂ ನನ್ನದೊಂದು ದೂರಿದೆ, ಸ್ವಾಮಿ. ಎರಡು ಪುಟದ ಪತ್ರದಲ್ಲಿ ಮಗನ ತೂಕ ನಾಲ್ಕು ಸಲ ಬಂದಿದೆ, ಅವನು ಹೇಗೆ ಆಡುತ್ತಾನೆಂಬುದು ಒಮ್ಮೆಯೂ ಇಲ್ಲ. ಬರುವ ಶನಿವಾರ ಮೈದಾನಕ್ಕೆ ಹೋಗಿ, ಚೆಂಡಿನ ಗೊಡವೆ ಬಿಟ್ಟು ಅವನ ಕಾಲುಗಳನ್ನಷ್ಟೇ ನೋಡಿ. ಕಂಡದ್ದನ್ನು ನನಗೆ ಬರೆಯಿರಿ.