ಸರ್ವರ್ ಕೋಣೆಯಿಂದ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಆರ್ಡರ್ ಪಟ್ಟಿಯ ಪುಟ ನನ್ನ ಲ್ಯಾಪ್‌ಟಾಪ್‌ನಲ್ಲಿ ಥಟ್ಟನೆ ಬರುತ್ತದೆ. ಲೈವ್‌ನಲ್ಲಿ ಆರೇಳು ಸೆಕೆಂಡ್ ಹಿಡಿಯುತ್ತದೆ. ವೆಬ್ ಕೋಡ್‌ಗೆ ಜಾಂಗೋ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸುತ್ತೇವೆ. ರೆಡಿಸ್ ಹಾಕಿ ಕ್ಯಾಶ್ ಮಾಡಿಬಿಡಲೇ, ಅಂದರೆ ಒಮ್ಮೆ ಸಿಕ್ಕ ಉತ್ತರವನ್ನು ಮೆಮೊರಿಯಲ್ಲಿಟ್ಟು ಮತ್ತೆ ಬಳಸಲೇ?

ಉತ್ತರ: ಸ್ವಲ್ಪ ತಡೆಯಿರಿ. ಈಗ ಪುಟ ನಿಧಾನ, ಅಷ್ಟೇ. ಕ್ಯಾಶ್ ಹಾಕಿದ ಮೇಲೆ ಹಳೇ ಆರ್ಡರ್ ತೋರಿಸುವ ತಲೆನೋವೂ ಶುರುವಾಗುತ್ತದೆ. ಮೊದಲು ಆ ಪುಟವನ್ನು ಒಂದು ಸಲ ತೆರೆದು, ಡೇಟಾಬೇಸ್‌ಗೆ ಎಷ್ಟು ಕ್ವೆರಿ (ಮಾಹಿತಿ ಕೇಳುವ ಆದೇಶ) ಹೋದವು ಅಂತ ಲಾಗ್‌ನಲ್ಲಿ ಎಣಿಸಿ. 100 ಆರ್ಡರ್ ತೋರಿಸುವ ಪುಟಕ್ಕೆ 101 ಕ್ವೆರಿ ಸಿಕ್ಕರೆ ನನಗೇನೂ ಆಶ್ಚರ್ಯವಿಲ್ಲ. ಪಟ್ಟಿಗೆ ಒಂದು, ಆಮೇಲೆ ಪ್ರತಿ ಆರ್ಡರ್‌ನ ಐಟಂಗಳಿಗೆ ಒಂದೊಂದು. ಒಂದೊಂದಕ್ಕೆ 60 ಮಿಲಿಸೆಕೆಂಡ್ ಹಿಡಿದರೂ 6 ಸೆಕೆಂಡ್ ಆಯಿತಲ್ವಾ? ಟೇಬಲ್‌ನ ಸಾಲುಗಳನ್ನು ಕೋಡ್‌ನ ಆಬ್ಜೆಕ್ಟ್‌ಗಳಾಗಿ ಕೊಡುವ ಓಆರ್‌ಎಂ ಬಳಸುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕೋಡ್‌ನಲ್ಲಿ ಕಾಣುವುದು ಒಂದು ಲೂಪ್, 'ಆರ್ಡರ್.ಐಟಂ' ಎಂಬಂಥ ಕಡೆ ಒಂದು ಚುಕ್ಕಿ. ಆ ಚುಕ್ಕಿಯ ಹಿಂದೆ ಕ್ವೆರಿ ಕೂತಿರುತ್ತದೆ. ಜಾಂಗೋದಲ್ಲಿ ಎಲ್ಲ ಐಟಂಗಳನ್ನೂ ಒಟ್ಟಿಗೇ ತರುವ 'ಪ್ರಿಫೆಚ್ ರಿಲೇಟೆಡ್' ಹಾಕಿದರೆ ಆ ನೂರೊಂದು ಕ್ವೆರಿ ಎರಡಕ್ಕೆ ಇಳಿಯುತ್ತವೆ.

ಇನ್ನು ಆ 60 ಮಿಲಿಸೆಕೆಂಡ್ ಯಾಕೆ? ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಜ್' ಹಾಕಿ ಓಡಿಸಿ, ಅದು ಹೇಗೆ ನಡೆಯಿತು ಅಂತ ಡೇಟಾಬೇಸ್ ಹೇಳುತ್ತದೆ. 'ಸೀಕ್ ಸ್ಕ್ಯಾನ್' ಎಂದು ಬಂದರೆ ನಾಲ್ಕು ಐಟಂ ಹುಡುಕಲು ಟೇಬಲ್ ಪೂರ್ತಿ ಓದುತ್ತಿದೆ ಎಂದರ್ಥ. ಫಾರಿನ್ ಕೀ (ಐಟಂ ಯಾವ ಆರ್ಡರ್‌ನದು ಎಂದು ಹೇಳುವ ಕೊಂಡಿ) ಕೊಟ್ಟರೆ ಇಂಡೆಕ್ಸ್ (ಬೇಗ ಹುಡುಕಲು ಪುಸ್ತಕದ ಪದಸೂಚಿಯಂಥದ್ದು) ತಾನಾಗಿಯೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲ. ಟೇಬಲ್ ರಚಿಸುವ ಜಾಂಗೋ ಮೈಗ್ರೇಷನ್ ಅದನ್ನು ಸೇರಿಸುತ್ತದೆ, ಆದರೆ ಟೇಬಲ್ ಅನ್ನು ಯಾರೋ ಕೈಯಾರೆ ಮಾಡಿದ್ದರೆ ಇಂಡೆಕ್ಸ್ ಇರಲಿಕ್ಕಿಲ್ಲ. ಲೈವ್ ಟೇಬಲ್‌ಗೆ ಇಂಡೆಕ್ಸ್ ಹಾಕುವಾಗ 'ಕನ್‌ಕರೆಂಟ್ಲಿ' ಸೇರಿಸಿ. ಇಲ್ಲದಿದ್ದರೆ ಅದು ಮುಗಿಯುವವರೆಗೂ ಆ ಟೇಬಲ್‌ಗೆ ಏನನ್ನೂ ಬರೆಯಲು ಆಗದು. ಇನ್ನೊಂದು ಮಾತು: 'ಎಕ್ಸ್‌ಪ್ಲೇನ್ ಅನಲೈಜ್' ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. 'ಡಿಲೀಟ್' ಮುಂದೆ ಸುಮ್ನೆ ನೋಡೋಣ ಅಂತ ಹಾಕಿದಿರೋ, ಸಾಲುಗಳು ಹೋದವು ಅಂತಲೇ ಲೆಕ್ಕ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಕನ್ನಡ ಚೆನ್ನಾಗಿ ಸೇವ್ ಆಗುತ್ತದೆ. ಎಮೋಜಿ ಹಾಕಿದರೆ ಮಾತ್ರ ಎರರ್. ಟೇಬಲ್‌ನ ಅಕ್ಷರ ಸಂಕೇತ 'ಯುಟಿಎಫ್8' ಅಂತಲೇ ಇದೆ.

ಉತ್ತರ: ಆ ಹೆಸರೇ ಮೋಸ. ಮೈಎಸ್‌ಕ್ಯೂಎಲ್‌ನ 'ಯುಟಿಎಫ್8' ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಅಕ್ಷರಕ್ಕೆ 3 ಸಾಕು, ಎಮೋಜಿಗೆ 4 ಬೇಕು. 'ಯುಟಿಎಫ್8ಎಂಬಿ4' ಮಾಡಿ. ಟೇಬಲ್‌ಗೆ ಮಾತ್ರವಲ್ಲ, ಕನೆಕ್ಷನ್‌ಗೂ.

ಪ್ರಶ್ನೆ: ಪೇಮೆಂಟ್ ಸೇವೆ ಟೈಮ್‌ಔಟ್ ಆದರೆ ಮೂರು ಸಲ ಮತ್ತೆ ಪ್ರಯತ್ನಿಸುವಂತೆ ಬರೆದಿದ್ದೆ. ಕೆಲವು ಗ್ರಾಹಕರ ಹಣ ಎರಡು ಸಲ ಕಟ್ ಆಗಿದೆ. ರೀಟ್ರೈ ತೆಗೆದುಬಿಡಬೇಕೇ?

ಉತ್ತರ: ತೆಗೆಯಬೇಡಿ. ಟೈಮ್‌ಔಟ್ ಎಂದರೆ ಉತ್ತರ ಬರಲಿಲ್ಲ ಎಂದಷ್ಟೇ, ಕೆಲಸ ಆಗಲಿಲ್ಲ ಎಂದಲ್ಲ. ಹಣ ಕಟ್ ಆಗಿ ಉತ್ತರ ದಾರಿಯಲ್ಲೇ ಕಳೆದುಹೋಗಿರಬಹುದು. ಅದಕ್ಕೇ ಪ್ರತಿ ಪಾವತಿಗೆ ಒಂದು ಗುರುತಿನ ಕೀ ಕಳಿಸಬೇಕು. ಅದೇ ಕೀ ಎರಡನೇ ಸಲ ಬಂದರೆ ಆ ಕಡೆಯವರು ಹಣ ಮುಟ್ಟದೆ ಹಳೇ ಉತ್ತರವನ್ನೇ ವಾಪಸ್ ಕೊಡುತ್ತಾರೆ. ಸ್ಟ್ರೈಪ್ ಎಂಬ ಪೇಮೆಂಟ್ ಸೇವೆಯಲ್ಲಿ ಇದಕ್ಕೆ 'ಐಡೆಂಪೊಟೆನ್ಸಿ-ಕೀ' ಎಂಬ ಹೆಡರ್ ಇದೆ.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಕೀ ಹಾಕಿದ್ದೆ. ಆದರೂ ಹಣ ಎರಡು ಸಲ ಹೋಯಿತು. ಅರ್ಧ ದಿನ ಪೇಮೆಂಟ್ ಸೇವೆಯವರನ್ನೇ ಬೈದುಕೊಂಡೆ. ಕೊನೆಗೆ ಜೊತೆಗಿದ್ದವರೊಬ್ಬರು ನನ್ನ ಕೋಡ್‌ನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕೀಗೆ ಬೇಕಾದ ಯುಯುಐಡಿ (ಬೇರೆಲ್ಲೂ ಇರದ ಗುರುತಿನ ಸಂಖ್ಯೆ) ಮಾಡುವ ಸಾಲು ರೀಟ್ರೈ ಲೂಪ್‌ನ ಒಳಗಿತ್ತು! ಪ್ರತಿ ಪ್ರಯತ್ನಕ್ಕೂ ಹೊಸ ಕೀ. ಅವರ ಪಾಲಿಗೆ ಅವೆಲ್ಲ ಬೇರೆ ಬೇರೆ ಪಾವತಿಗಳು. ಆ ಭಾನುವಾರ ಪೂರ್ತಿ ರೀಫಂಡ್ ಪಟ್ಟಿ ಮಾಡುತ್ತ ಕೂತೆ.

ಹಾಗಾಗಿ ಆರ್ಡರ್ ಸಾಲು ಬರೆಯುವಾಗಲೇ ಕೀಯನ್ನೂ ಅದರಲ್ಲಿ ಬರೆದಿಡಿ. ನಡುವೆ ನಿಮ್ಮ ಸರ್ವರ್ ರೀಸ್ಟಾರ್ಟ್ ಆದರೂ ಅದೇ ಕೀ ಸಿಗಬೇಕು. ಪ್ರಯತ್ನಗಳ ನಡುವೆ 1, 2, 4 ಸೆಕೆಂಡ್ ಹೀಗೆ ಬಿಡುವು ಕೊಡಿ. ಉತ್ತರವಾಗಿ 400 ಎಂಬ ಎರರ್ ಕೋಡ್ ಬಂದರೆ ಮತ್ತೆ ಕಳಿಸಬೇಡಿ, ತಪ್ಪು ನಿಮ್ಮ ರಿಕ್ವೆಸ್ಟ್‌ನಲ್ಲೇ ಇದೆ.