ಶೊಪ್ಯಾನ್‌ನ ಪುಟ್ಟ ಪ್ರಿಲ್ಯೂಡ್: ಇದು ಯಾವ ರಾಗ?

ಪ್ರಶ್ನೆ: ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಮುಗಿಸಿ ಈಗ ಕೀಬೋರ್ಡ್ ಕಲಿಯುತ್ತಿದ್ದೇನೆ. ಮೇಷ್ಟ್ರು ಪೋಲೆಂಡಿನ ಪಿಯಾನೋ ಸಂಯೋಜಕ ಶೊಪ್ಯಾನ್‌ನ ಇ ಮೈನರ್ ಪ್ರಿಲ್ಯೂಡ್ (ಪಿಯಾನೋಗೆ ಬರೆದ ಪುಟ್ಟ ಕೃತಿ; ಓಪಸ್ 28, ಅಂದರೆ ಪ್ರಕಟಿತ ಕೃತಿ ಸಂಖ್ಯೆ 28ರ ನಾಲ್ಕನೆಯದು) ಕೊಟ್ಟಿದ್ದಾರೆ. ಬಲಗೈಗೆ ಎರಡೇ ಸ್ವರ ಇದ್ದಂತಿದೆ, ಆದರೂ ಕೇಳಿದರೆ ಕರುಳು ಹಿಂಡುತ್ತದೆ. ಇದು ನಟಭೈರವಿಯೇ?

ಉತ್ತರ: ಮೊದಲ ಮೂರು ಬಾರ್‌ಗಳ ಮಟ್ಟಿಗೆ (ಬಾರ್ ಎಂದರೆ ನಮ್ಮ ಆವರ್ತದಂಥ ತಾಳದ ಅಳತೆ) ಹೌದು ಎನ್ನಬಹುದು. 'ಇ'ಯನ್ನು ಷಡ್ಜ ಎಂದಿಟ್ಟುಕೊಳ್ಳಿ. ಬಲಗೈ ನುಡಿಸುವುದು ಪಂಚಮ, ಶುದ್ಧ ಧೈವತ, ಮತ್ತೆ ಪಂಚಮ. ಆದರೆ ನಾಲ್ಕನೇ ಬಾರ್ ಮುಗಿಯುವ ಹೊತ್ತಿಗೆ ಪಂಚಮದಿಂದ ಪ್ರತಿಮಧ್ಯಮ, ಅದರ ಬೆನ್ನಿಗೇ ಶುದ್ಧ ಮಧ್ಯಮ. ಒಂದು ಮೇಳಕರ್ತ ರಾಗದಲ್ಲಿ ಒಂದೇ ಮಧ್ಯಮ ಇರಬೇಕು, ಆ ಲೆಕ್ಕ ಅಲ್ಲಿಗೆ ಮುರಿಯಿತು. ನಿಜ ಹೇಳಬೇಕೆಂದರೆ, ಈ ಕೃತಿಗೆ ರಾಗ ಹುಡುಕುವುದೇ ದಂಡ, ನೋಡಬೇಕಾದದ್ದು ಎಡಗೈಯನ್ನು.

ಎಡಗೈಯಲ್ಲಿ ಮೂರು ಸ್ವರಗಳ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಒಂದೇ ಸಮನೆ ಬಡಿಯುತ್ತಿರುತ್ತದೆ. ಆ ಮೂರರಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು, ಹೆಚ್ಚಾಗಿ ಅರ್ಧ ಸ್ವರದಷ್ಟು, ಅಂದರೆ ಪಕ್ಕದ ಕೀಗೆ, ಕೆಳಗೆ ಜಾರುತ್ತದೆ. ನೀವು ಪಂಚಮ ಹಿಡಿದು ಹಾಡುತ್ತಿರುವಾಗ ತಂಬೂರಿಯ ತಂತಿಗಳು ಒಂದೊಂದಾಗಿ ಸಡಿಲವಾದರೆ ಹೇಗಿರುತ್ತದೆ, ಹಾಗೆ. ಹಾಡುವ ಸ್ವರ ಅದೇ, ಅದರ ಅರ್ಥ ಮಾತ್ರ ಕ್ಷಣಕ್ಷಣಕ್ಕೂ ಬೇರೆ. ನಿಮ್ಮ ಕರುಳು ಹಿಂಡಿದ್ದು ಇದೇ. ಪಿಯಾನೋದಲ್ಲಿ ಗಮಕ ಸಾಧ್ಯವಿಲ್ಲ, ಒತ್ತಿದ ಸ್ವರ ಕ್ಷೀಣಿಸುತ್ತ ಹೋಗುತ್ತದೆ. ಶೊಪ್ಯಾನ್ ಆ ಕೊರತೆಯನ್ನೇ ಬಳಸಿಕೊಂಡ.

ಇಡೀ ಕೃತಿ 25 ಬಾರ್. ಹದಿಮೂರರಲ್ಲಿ ಮೊದಲಿನಿಂದ ಶುರುವಾಗುತ್ತದೆ, ಹದಿನಾರು, ಹದಿನೇಳರಲ್ಲಿ ಒಮ್ಮೆ ಮಾತ್ರ ಗಟ್ಟಿಯಾಗಿ ಸಿಡಿದು ತಕ್ಷಣ ತಗ್ಗುತ್ತದೆ. ಕೊನೆಯ ಹತ್ತಿರ, ಇನ್ನೇನು ಷಡ್ಜಕ್ಕೆ ಬಂದೆವು ಎನ್ನುವಾಗ ಎಡಗೈ ಬೇರೆಯದೇ ಕಾರ್ಡ್ ಹಿಡಿದು ಮೋಸ ಮಾಡುತ್ತದೆ. ನನಗೆ ಇಡೀ ತುಣುಕಿನಲ್ಲಿ ಅತ್ಯಂತ ಇಷ್ಟವಾದ ಜಾಗ ಅದು.

ಹನ್ನೆರಡು ಮೇಜರ್, ಹನ್ನೆರಡು ಮೈನರ್, ಹೀಗೆ ಇಪ್ಪತ್ನಾಲ್ಕು ಶ್ರುತಿಗಳಿಗೆ ಒಂದೊಂದರಂತೆ ಬರೆದ ಈ ಪ್ರಿಲ್ಯೂಡ್ ಮಾಲೆಯನ್ನು ಶೊಪ್ಯಾನ್ 1838-39ರ ಚಳಿಗಾಲದಲ್ಲಿ, ಕಾಯಿಲೆಯ ನಡುವೆ, ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಪೂರ್ತಿಗೊಳಿಸಿದ. (ಅಲ್ಲಿ ಮಳೆಹನಿಯ ಸದ್ದಿನಿಂದ ಪ್ರಿಲ್ಯೂಡ್ ಹುಟ್ಟಿತೆಂಬ ಕಥೆ ಅಂಟಿಕೊಂಡಿರುವುದು ಹೆಚ್ಚಾಗಿ ಹದಿನೈದನೆಯದಕ್ಕೆ. ಯೂಟ್ಯೂಬ್‌ನಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.) 1849ರ ಅಕ್ಟೋಬರ್ 30ರಂದು ಪ್ಯಾರಿಸ್ಸಿನ ಮದ್ಲೆನ್ ಚರ್ಚಿನಲ್ಲಿ ಅವನ ಅಂತ್ಯಸಂಸ್ಕಾರವಾದಾಗ ನಿಮ್ಮ ಈ ಇ ಮೈನರ್ ಪ್ರಿಲ್ಯೂಡನ್ನು ಆರ್ಗನ್‌ನಲ್ಲಿ ನುಡಿಸಿದರು.

ಅಭ್ಯಾಸಕ್ಕೆ: ಒಂದು ವಾರ ಬಲಗೈ ಮುಟ್ಟಬೇಡಿ. ಎಡಗೈ ಒಂದನ್ನೇ ವಿಳಂಬದಲ್ಲಿ ನುಡಿಸಿ, ಪ್ರತಿ ಕಾರ್ಡ್ ಬದಲಾದಾಗ ಯಾವ ಬೆರಳು ಸರಿಯಿತು ಎಂದು ಗಮನಿಸಿ. ಪಂಚಮವನ್ನು ಬಾಯಲ್ಲಿ ಹಾಡಿಕೊಳ್ಳಿ; ನಿಮಗೆ ಅದು ಕಷ್ಟವೇನಲ್ಲ. ಪೆಡಲ್ ಇದ್ದರೆ ಕಾರ್ಡ್ ಬದಲಾದಾಗಲೆಲ್ಲ ಎತ್ತಿ ಹೊಸದಾಗಿ ಒತ್ತಿ, ಇಲ್ಲದಿದ್ದರೆ ಆ ಅರ್ಧ ಸ್ವರದ ಜಾರಾಟವೆಲ್ಲ ರಾಡಿಯಾಗುತ್ತದೆ.