'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ತಪ್ಪಾದರೆ 'ನೋ ಚಾಯ್ಸ್ ಬಟ್ ಟು ಗೋ' ಹೇಗೆ ಸರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಇಂಟರ್‌ವ್ಯೂಗೆ ಕರೆದವರಿಗೆ ಬರೆದ ಮೇಲ್‌ನಲ್ಲಿ 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಹಾಕಿದ್ದೀರಿ. ಗೆಳೆಯರೊಬ್ಬರು ಅದನ್ನು ನೋಡಿ 'ಮೀಟ್' ಅಲ್ಲ 'ಮೀಟಿಂಗ್', ಪ್ರಿಪೊಸಿಷನ್ (ಅಟ್, ಇನ್, ಆನ್ ಥರದ ಪದ) ಆದ ಮೇಲೆ ಇನ್ಫಿನಿಟಿವ್ ('ಟು ಗೋ' ಥರದ ಕ್ರಿಯಾರೂಪ) ಬರಲೇಬಾರದು ಅಂದಿದ್ದಾರೆ. ಹಾಗಾದರೆ 'ಐ ಹ್ಯಾಡ್ ನೋ ಚಾಯ್ಸ್ ಬಟ್ ಟು ಗೋ' ಅಂತ ಎಲ್ಲರೂ ಬರೆಯುತ್ತಾರಲ್ಲ, ಅದು ಹೇಗೆ ಸರಿ ಅನ್ನೋದು ನಿಮ್ಮ ಅನುಮಾನ.

ನಿಮ್ಮ ವಾಕ್ಯದ ಮಟ್ಟಿಗೆ ಗೆಳೆಯರು ಹೇಳಿದ್ದು ಸರಿ. ಆದರೆ 'ಬರಲೇಬಾರದು' ಅಂದರಲ್ಲ, ಅದು ಸ್ವಲ್ಪ ಜಾಸ್ತಿಯಾಯಿತು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಓದಿದ್ದು ಪೂರ್ತಿ ಕನ್ನಡ ಮಾಧ್ಯಮದಲ್ಲಿ. ನಮ್ಮ ಮೇಷ್ಟ್ರು ಟೇಬಲ್ಲಿಗೆ ಕೋಲು ಕುಟ್ಟಿಕೊಂಡು 'ಟು ಆದ್ಮೇಲೆ ವಿ ಒನ್' ಅಂತ ನಮ್ಮ ಕೈಲಿ ರಾಗವಾಗಿ ಹೇಳಿಸುತ್ತಿದ್ದರು. ಟು ಕಂಡ ತಕ್ಷಣ ಕ್ರಿಯಾಪದದ ಒಂದನೇ ರೂಪ ಹಾಕು, ಮುಗಿಯಿತು. ನಿಜ ಹೇಳಬೇಕೆಂದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಹೇಳಿಕೊಟ್ಟೆ. ಹತ್ತರಲ್ಲಿ ಎಂಟು ಸಲ ಅದು ಸರಿಹೋಗುತ್ತದೆ ನೋಡಿ, ಅದಕ್ಕೇ ಯಾರೂ ತಕರಾರು ಮಾಡಲ್ಲ.

ಈಗ ಅದನ್ನು ಬಿಟ್ಟು ಬೇರೆ ದಾರಿ ಹಿಡಿದಿದ್ದೇನೆ. ಬೋರ್ಡಿನ ಮೇಲೆ 'ಹಾಡಲು' ಅಂತ ಬರೆಯುತ್ತೇನೆ. ಪಕ್ಕದಲ್ಲಿ 'ಅಲ್ಲಿ' ಅಂತ ವಿಭಕ್ತಿ ಪ್ರತ್ಯಯ ಬರೆದು, ಎರಡನ್ನೂ ಸೇರಿಸಿ ಓದಿ ಅನ್ನುತ್ತೇನೆ. 'ಹಾಡಲಲ್ಲಿ' ಅಂತ ಯಾರೋ ಒಬ್ಬರು ಧೈರ್ಯ ಮಾಡಿ ಓದುತ್ತಾರೆ, ಇಡೀ ಕ್ಲಾಸು ನಗುತ್ತದೆ. ಹಾಗಾದರೆ ಏನನ್ನಬೇಕು ಅಂದರೆ ಎಲ್ಲರೂ ಒಟ್ಟಿಗೆ 'ಹಾಡುವುದರಲ್ಲಿ' ಅನ್ನುತ್ತಾರೆ. ಯಾರೂ ಅವರಿಗೆ ಈ ನಿಯಮ ಹೇಳಿಕೊಟ್ಟಿಲ್ಲ. ಆದರೂ 'ಹಾಡಲು'ಗೆ 'ಅಲ್ಲಿ'ಯಂಥ ವಿಭಕ್ತಿ ಅಂಟುವುದಿಲ್ಲ, 'ಹಾಡುವುದು' ಅಂತ ಅದನ್ನು ನಾಮಪದ ಮಾಡಿಕೊಂಡರೆ ಮಾತ್ರ ಅಂಟುತ್ತದೆ ಅಂತ ಅವರ ನಾಲಿಗೆಗೆ ಗೊತ್ತು. 'ಹಾಡಲು ಬಗ್ಗೆ' ಅಂತ ಯಾರಾದರೂ ಅಂತಾರಾ? 'ಹಾಡುವುದರ ಬಗ್ಗೆ' ಅಂತಾರೆ, ಅಲ್ವಾ?

ಇಂಗ್ಲಿಷಿನದೂ ಇದೇ ಕಥೆ. 'ಟು ಸಿಂಗ್' ಅಂದರೆ ಹಾಡಲು, 'ಸಿಂಗಿಂಗ್' ಅಂದರೆ ಹಾಡುವುದು. ನಮ್ಮ ವಿಭಕ್ತಿ ಪದದ ಹಿಂದೆ ಅಂಟಿದರೆ ಅವರ ಪ್ರಿಪೊಸಿಷನ್ ಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೂ ನಾಮಪದವೇ ಬೇಕು. 'ಶಿ ಈಸ್ ಗುಡ್ ಅಟ್ ಸಿಂಗಿಂಗ್' ಸರಿ. 'ಗುಡ್ ಅಟ್ ಟು ಸಿಂಗ್' ಅನ್ನೋದು ಇಂಗ್ಲಿಷಿನವರ ಕಿವಿಗೆ ಸಾಕ್ಷಾತ್ 'ಹಾಡಲಲ್ಲಿ'.

ನಿಮ್ಮ ಮೇಲ್ ಎಡವಿದ್ದು ಇಲ್ಲಿಯೇ. ಇಂಗ್ಲಿಷಿನಲ್ಲಿ ಟು ಎರಡಿದೆ. ಒಂದು ಇನ್ಫಿನಿಟಿವ್‌ನ ಟು, 'ವಾಂಟ್ ಟು ಗೋ' ಅನ್ನುವಾಗ ಬರುವುದು. ಇನ್ನೊಂದು ಅಪ್ಪಟ ಪ್ರಿಪೊಸಿಷನ್, 'ಗೋ ಟು ಮೈಸೂರು' ಅನ್ನುವಾಗ ಬರುವುದು. ನೋಡೋಕೆ ಅವಳಿಜವಳಿ. ಯಾವುದು ಯಾವುದು ಅಂತ ತಿಳಿಯೋಕೆ, ಟು ಆದ ಮೇಲೆ ಸುಮ್ನೆ 'ಇಟ್' ಇಟ್ಟು ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಚೆನ್ನಾಗಿ ಕೂರುತ್ತದೆ. ಅಂದರೆ ಇದು ಪ್ರಿಪೊಸಿಷನ್, ಮುಂದಿನದು 'ಮೀಟಿಂಗ್' ಆಗಬೇಕು. 'ಐ ವಾಂಟ್ ಟು ಇಟ್' ಕೂರುವುದಿಲ್ಲ. ಅಲ್ಲಿ ವಿ ಒನ್. ನಾವು ಇಲ್ಲೇ ಮುಗ್ಗರಿಸೋಕೆ ಕಾರಣವೂ ಕನ್ನಡವೇ. 'ನಿಮ್ಮನ್ನು ನೋಡಲು ಕಾಯುತ್ತಿದ್ದೇನೆ' ಅಂತ ಮನಸ್ಸಿನಲ್ಲಿ ಬಂದಾಗ ಆ 'ಲು' ನೇರವಾಗಿ 'ಟು ಮೀಟ್' ಆಗಿ ಇಳಿದುಬಿಡುತ್ತದೆ.

ಈ ಅವಳಿಗಳ ಗೊಂದಲ ಜಾಸ್ತಿ ಕಾಣೋದು 'ಯೂಸ್ಡ್ ಟು'ದಲ್ಲಿ. 'ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್' ಅಂದರೆ ಹಿಂದೆ ಐದಕ್ಕೆ ಏಳುತ್ತಿದ್ದೆ, ಈಗ ಇಲ್ಲ. 'ಐ ಆಮ್ ಯೂಸ್ಡ್ ಟು ಗೆಟ್ಟಿಂಗ್ ಅಪ್ ಅಟ್ ಫೈವ್' ಅಂದರೆ ಐದಕ್ಕೆ ಏಳೋದು ಅಭ್ಯಾಸವಾಗಿದೆ, ಕಷ್ಟ ಅನ್ನಿಸಲ್ಲ. ಒಂದು 'ಆಮ್' ಸೇರಿದ್ದಕ್ಕೆ ಬೆಳಗಿನ ನಿದ್ದೆಯೇ ಹೋಯಿತು.

ಉತ್ತರ ಪತ್ರಿಕೆಗಳಲ್ಲಿ ನನ್ನ ಕೆಂಪು ಪೆನ್ನು ಪದೇ ಪದೇ ನಿಲ್ಲುವ ಜಾಗ ಇನ್ನೂ ಕೆಲವಿವೆ. 'ಸಕ್ಸೀಡೆಡ್ ಟು ಗೆಟ್' ಅಲ್ಲ, 'ಸಕ್ಸೀಡೆಡ್ ಇನ್ ಗೆಟ್ಟಿಂಗ್'. 'ಇನ್ಸಿಸ್ಟೆಡ್ ಟು ಪೇ' ಅಲ್ಲ, 'ಇನ್ಸಿಸ್ಟೆಡ್ ಆನ್ ಪೇಯಿಂಗ್'. ಮಜಾ ಅಂದರೆ 'ಏಬಲ್' ಮತ್ತು 'ಕೇಪಬಲ್'. ಅರ್ಥ ಹತ್ತಿರ ಹತ್ತಿರ ಒಂದೇ. ಆದರೆ 'ಏಬಲ್'ಗೆ 'ಟು ಡು' ಬೇಕು, 'ಕೇಪಬಲ್'ಗೆ 'ಆಫ್ ಡೂಯಿಂಗ್' ಬೇಕು. ಇದಕ್ಕೆ ಯಾವ ಸೂತ್ರವೂ ಇಲ್ಲ, ಬಾಯಿಪಾಠವೇ ಗತಿ.

ಇನ್ನು ನಿಮ್ಮ 'ಬಟ್ ಟು ಗೋ'. ಇಲ್ಲಿ 'ಬಟ್' ಅಂದರೆ 'ಆದರೆ' ಅಲ್ಲ, 'ಬಿಟ್ಟು'. 'ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ' ಅಂತ. 'ಎಕ್ಸೆಪ್ಟ್' ಕೂಡ ಇದರ ಜೊತೆಯದೇ. ಇವು ಉಳಿದ ಪ್ರಿಪೊಸಿಷನ್‌ಗಳ ಹಾಗೆ ನಾಮಪದವೇ ಬೇಕು ಅಂತ ಹಟ ಮಾಡುವುದಿಲ್ಲ. ವಾಕ್ಯದ ಮೊದಲ ಅರ್ಧ ಏನು ಕೇಳುತ್ತದೋ ಅದನ್ನೇ ಮುಂದಕ್ಕೆ ದಾಟಿಸುತ್ತವೆ. 'ಚಾಯ್ಸ್' ಅನ್ನುವ ಪದ 'ಟು ಗೋ' ಕೇಳುತ್ತದೆ, ಆದ್ದರಿಂದ 'ನೋ ಚಾಯ್ಸ್ ಬಟ್ ಟು ಗೋ'. 'ವಾಂಟ್' ಕೂಡ ಟು ಕೇಳುತ್ತದೆ, ಆದ್ದರಿಂದ 'ಹಿ ವಾಂಟೆಡ್ ನಥಿಂಗ್ ಎಕ್ಸೆಪ್ಟ್ ಟು ಸ್ಲೀಪ್'. ಆದರೆ ಮೊದಲು 'ಡು' ಇದ್ದರೆ ಟು ಬಿದ್ದುಹೋಗುತ್ತದೆ: 'ದ ಬೇಬಿ ಡಿಡ್ ನಥಿಂಗ್ ಬಟ್ ಕ್ರೈ'. ಮಗು ಅಳೋದು ಬಿಟ್ಟು ಬೇರೇನೂ ಮಾಡಲಿಲ್ಲ.

'ಅಬೌಟ್' ಇನ್ನೊಂದು ಕಿಲಾಡಿ. 'ದೇ ಟಾಕ್ಡ್ ಅಬೌಟ್ ಲೀವಿಂಗ್' ಅಂದರೆ ಹೊರಡುವುದರ ಬಗ್ಗೆ ಮಾತಾಡಿದರು. 'ದ ಬಸ್ ವಾಸ್ ಅಬೌಟ್ ಟು ಲೀವ್' ಅಂದರೆ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು, ಕಂಡಕ್ಟರ್ ಸೀಟಿ ಊದಿದ್ದೊಂದು ಬಾಕಿ. ಈ ಎರಡನೆಯದಕ್ಕೂ 'ಬಗ್ಗೆ'ಗೂ ಸಂಬಂಧವೇ ಇಲ್ಲ. 'ಅಬೌಟ್ ಟು' ಎರಡನ್ನೂ ಸೇರಿಸಿ ಒಂದೇ ಪದ ಅಂದುಕೊಂಡುಬಿಡಿ.

ಪ್ರಶ್ನೆ ಪದ ನಡುವೆ ಬಂದರೂ ಇನ್ಫಿನಿಟಿವ್‌ಗೆ ದಾರಿ ಸಿಗುತ್ತದೆ. 'ಅಬೌಟ್ ಟು ಕುಕ್ ರೈಸ್' ಅಂತ 'ಅನ್ನ ಮಾಡುವುದರ ಬಗ್ಗೆ' ಅನ್ನೋ ಅರ್ಥದಲ್ಲಿ ಹೇಳೋಕಾಗಲ್ಲ. 'ಅಬೌಟ್ ಹೌ ಟು ಕುಕ್ ರೈಸ್' ಅಂದರೆ ಏನೂ ತೊಂದರೆ ಇಲ್ಲ. 'ಹೌ ಟು ಕುಕ್' ಅನ್ನುವ ಇಡೀ ಗಂಟು ಅಲ್ಲಿ ನಾಮಪದದ ಕೆಲಸ ಮಾಡುತ್ತದೆ. 'ವೆದರ್ ಟು ಗೋ' ಕೂಡ ಹೀಗೇ. 'ಇಫ್ ಟು ಗೋ' ಮಾತ್ರ ಇಲ್ಲ.

ಇಷ್ಟು ಹೇಳಿದ ಮೇಲೆ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳದಿದ್ದರೆ ಸಮಾಧಾನ ಇರಲ್ಲ. ಆ ಇನ್ಫಿನಿಟಿವ್‌ನ ಟು ಕೂಡ ಹುಟ್ಟಿನಲ್ಲಿ ಪ್ರಿಪೊಸಿಷನ್ನೇ! ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ 'ತಿನ್ನೋಕೆ' ಅನ್ನೋದಕ್ಕೆ 'ಟೋ ಎಟನ್ನೆ' ಅನ್ನುತ್ತಿದ್ದರು. 'ಎಟನ್' ಅಂದರೆ ತಿನ್ನು. ಅದರ ಕೊನೆಗೆ ನಮ್ಮ ಚತುರ್ಥಿಯಂಥ ('ಕ್ಕೆ', 'ಗೆ') ಒಂದು ವಿಭಕ್ತಿ, ಮೊದಲಿಗೆ ಟು. ಕಾಲ ಸರಿದಂತೆ ಕೊನೆಯ ವಿಭಕ್ತಿ ಸವೆದುಹೋಯಿತು, ಟು ಅರ್ಥ ಕಳೆದುಕೊಂಡು ಬರೀ ಗುರುತಾಗಿ ಉಳಿಯಿತು. ಆಗ 'ಗೋಸ್ಕರ' ಅನ್ನುವ ಭಾವ ಬರಲಿ ಅಂತ ಜನ ಮತ್ತೆ 'ಫಾರ್' ಸೇರಿಸಿ 'ಫಾರ್ ಟು' ಅನ್ನತೊಡಗಿದರು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ 'ವಾಟ್ ವೆಂಟ್ ಯೀ ಔಟ್ ಫಾರ್ ಟು ಸೀ' ಅಂತಲೇ ಇದೆ. ಐರ್ಲೆಂಡಿನ ಕೆಲವು ಕಡೆಯ ಆಡುಮಾತಿನಲ್ಲಿ ಅದು ಈಗಲೂ ಉಳಿದಿದೆ. ಬರವಣಿಗೆಯ ಇಂಗ್ಲಿಷು ಮಾತ್ರ ಅದನ್ನು ಕೈಬಿಟ್ಟಿತು.

ನಾವೂ ಮಾಡೋದು ಅದನ್ನೇ ಅಲ್ವಾ? 'ನೋಡುವುದಕ್ಕೆ' ಸವೆದು 'ನೋಡೋಕೆ' ಆಯಿತು. ಒಳಗಿನ 'ಕ್ಕೆ' ಯಾರಿಗೂ ಕಾಣದಂತಾಯಿತು. ಸಾಲದು ಅನ್ನಿಸಿ 'ನೋಡೋಕೋಸ್ಕರ ಬಂದೆ' ಅಂತ ಮೇಲೊಂದು ಸೇರಿಸುತ್ತೇವೆ. ಅದಕ್ಕೇ ನಮ್ಮ ಹುಡುಗರು 'ಐ ಕೇಮ್ ಫಾರ್ ಟು ಸೀ ದ ಡಾಕ್ಟರ್' ಅಂತ ಬರೆದಾಗ ನನಗೆ ಬೈಯೋಕೆ ಮನಸ್ಸಾಗಲ್ಲ. ಮಾರ್ಕು ಮಾತ್ರ ಕೊಡಲ್ಲ. 'ಐ ಕೇಮ್ ಟು ಸೀ ದ ಡಾಕ್ಟರ್' ಸಾಕು.

ಕೊನೆಗೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಇನ್ಫಿನಿಟಿವ್ ಆದ ಮೇಲೆ ಪ್ರಿಪೊಸಿಷನ್ ಬೇಕಾದ ಕಡೆ ನಾವು ಅದನ್ನು ನುಂಗಿಬಿಡುತ್ತೇವೆ. 'ಕೂರೋಕೆ ಕುರ್ಚಿ ಕೊಡಿ' ಅನ್ನುವಾಗ 'ಮೇಲೆ' ಅಂತ ಹೇಳುವ ಅಗತ್ಯ ನಮಗಿಲ್ಲ. ಹಾಗಾಗಿ 'ಗಿವ್ ಹಿಮ್ ಎ ಚೇರ್ ಟು ಸಿಟ್' ಅನ್ನುತ್ತೇವೆ. ಇಂಗ್ಲಿಷಿಗೆ 'ಎ ಚೇರ್ ಟು ಸಿಟ್ ಆನ್' ಬೇಕು, 'ಎ ಪೆನ್ ಟು ರೈಟ್ ವಿತ್' ಬೇಕು.

ಮೇಲ್ ಇನ್ನೂ ಕಳಿಸಿಲ್ಲದಿದ್ದರೆ 'ಮೀಟ್' ತೆಗೆದು 'ಮೀಟಿಂಗ್' ಮಾಡಿ ಕಳಿಸಿ. ಕಳಿಸಿ ಆಗಿದ್ದರೆ ತಿದ್ದುಪಡಿ ಅಂತ ಇನ್ನೊಂದು ಮೇಲ್ ಹಾಕಬೇಡಿ. ಆ ಕಡೆ ಇರುವವರೂ ಬಹುಶಃ 'ಟು ಆದ್ಮೇಲೆ ವಿ ಒನ್' ಅಂತ ರಾಗ ಹಾಡಿದವರೇ.